ಮೊದಲು ಬೂಟು, ಕೊನೆಗೆ ಉದ್ದ: ಹಾರ್ಡ್ ಬೂಟ್ ಕಾರ್ವಿಂಗ್‌ನಲ್ಲಿ ನನ್ನ ಅನುಭವ

ಹಿಮದ ಇಳಿಜಾರಿನಲ್ಲಿ ಓಡಿಸುವ ಆಲ್ಪೈನ್ ಕಾರ್ವಿಂಗ್ ಸ್ನೋಬೋರ್ಡ್ ತಗೋಬೇಕು ಅನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಉದ್ದದ್ದು ತಗೊಳ್ಳಲಿ? ನಾನು ಉದ್ದವನ್ನು ಕೊನೆಗೆ ನೋಡಿದೆ. ಮೊದಲು ಬೂಟು, ಆಮೇಲೆ ಬೋರ್ಡಿನ ನಡುವಿನ ಅಗಲ, ಆಮೇಲೆ ಸೈಡ್‌ಕಟ್, ಅಂದರೆ ಬೋರ್ಡಿನ ಪಕ್ಕದ ಒಳಬಾಗು. ಇವಿಷ್ಟು ಗಟ್ಟಿಯಾದರೆ ಉದ್ದದ ಬಗ್ಗೆ ತಲೆಕೆಡಿಸಿಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ.

ಪರಿಚಯ ಇಲ್ಲದವರಿಗೆ ಎರಡು ಮಾತು. ಮಾಮೂಲಿ ಸ್ನೋಬೋರ್ಡಿಗೆ ಮೆತ್ತನೆಯ ಬೂಟು, ಅದನ್ನು ಬೋರ್ಡಿಗೆ ಹಿಡಿದಿಡಲು ಪಟ್ಟಿ ಬಿಗಿಯುವ ಬೈಂಡಿಂಗ್. ಇಲ್ಲಿ ಗಟ್ಟಿ ಪ್ಲಾಸ್ಟಿಕ್ ಬೂಟು, ಪ್ಲೇಟ್ ಬೈಂಡಿಂಗ್, ಸಪೂರ ಬೋರ್ಡು. ಎರಡೂ ಪಾದ ಮುಂದಕ್ಕೆ ಮುಖಮಾಡಿರುತ್ತವೆ. ಒಲಿಂಪಿಕ್ಸ್‌ನ ಪ್ಯಾರಲಲ್ ಜೈಂಟ್ ಸ್ಲಾಲಮ್ (ಇಬ್ಬರು ಅಕ್ಕಪಕ್ಕದಲ್ಲಿ ಗೇಟುಗಳನ್ನು ಸುತ್ತಿ ಇಳಿಯುವ ರೇಸು) ನೋಡಿದ್ದರೆ ಅಲ್ಲಿರುವುದು ಇದೇ ಸಾಮಾನು. 2018 ಮತ್ತು 2022ರಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಚಿನ್ನ ಗೆದ್ದದ್ದು ಆ ಸ್ಪರ್ಧೆಯಲ್ಲೇ. ನನಗೆ ಗೇಟು, ಗಡಿಯಾರ ಯಾವುದೂ ಬೇಕಿರಲಿಲ್ಲ. ಬೆಳಗಿನ ಹೊತ್ತು ಯಂತ್ರ ಓಡಿಸಿ ಸಮ ಮಾಡಿದ ಹಿಮದ ಮೇಲೆ, ಅಡ್ಡಡ್ಡ ಜಾರದೆ, ಬರೀ ಎಡ್ಜಿನ (ಬೋರ್ಡಿನ ಅಂಚಿನ ಲೋಹದ ಪಟ್ಟಿಯ) ಮೇಲೆ ತಿರುಗುತ್ತಾ ಇಳಿಯಬೇಕು. ಇದನ್ನೇ ಕಾರ್ವಿಂಗ್ ಅನ್ನುವುದು. ಅಷ್ಟೇ ಆಸೆ.

ಬೂಟಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಂಗಡಿಯಲ್ಲಿ ಮೊದಲು ಒಳಗಿನ ಮೆತ್ತನೆಯ ಲೈನರ್ ತೆಗೆದು ಪಕ್ಕಕ್ಕಿಟ್ಟೆ. ಖಾಲಿ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು, ಬೆರಳ ತುದಿ ಮುಂದೆ ತಾಗುವಂತೆ ನಿಂತು, ಹಿಮ್ಮಡಿಯ ಹಿಂದೆ ಕೈಬೆರಳು ತೂರಿಸಿ ನೋಡಿದೆ. ಒಂದೂವರೆ ಬೆರಳಿನಷ್ಟು ಜಾಗ ಇತ್ತು. ಎರಡು ಬೆರಳು ಆರಾಮಾಗಿ ಹೋದರೆ ಅದು ದೊಡ್ಡದು, ವಾಪಸ್ ಕೊಡಿ. ಲೈನರ್ ದಪ್ಪ ಇದ್ದರೆ ದೊಡ್ಡ ಚಿಪ್ಪು ಕೂಡ ಅಂಗಡಿಯಲ್ಲಿ ಬಿಗಿ ಅನಿಸುತ್ತದೆ. ಬಳಸಿದಂತೆ ಲೈನರ್ ಕುಗ್ಗುತ್ತದೆ, ಹಿಮ್ಮಡಿ ಒಳಗೇ ಮೇಲೇಳಲು ಶುರುವಾಗುತ್ತದೆ. ಹಿಮ್ಮಡಿ ಎದ್ದರೆ ನೀವು ಕೊಟ್ಟ ಒತ್ತಡ ಎಡ್ಜಿಗೆ ಹೋಗುವುದೇ ಇಲ್ಲ. ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸುವ ಲೈನರ್ ಸಿಕ್ಕರೆ ಅದನ್ನೇ ತಗೊಳ್ಳಿ.

"ಮನೆಯಲ್ಲಿ ಹಳೆ ಸ್ಕೀ ಬೂಟಿದೆ, ಅದು ಸಾಲಲ್ವಾ?" ಅಂತ ಕೇಳುವವರಿದ್ದಾರೆ. ಪ್ಲೇಟ್ ಬೈಂಡಿಂಗ್‌ಗೆ ಅದು ಹೇಗೋ ಕೂರಬಹುದು. ಆದರೆ ಅದರ ಅಡಿ ಉದ್ದ, ಮುಂದಕ್ಕೆ ಬಾಗುವುದು ಕಷ್ಟ, ಪಕ್ಕಕ್ಕಂತೂ ಬಾಗುವುದೇ ಇಲ್ಲ. ಸ್ನೋಬೋರ್ಡಿನ ಹಾರ್ಡ್ ಬೂಟು ಪಾದದ ಕೀಲಿಗೆ ಒಂದಿಷ್ಟು ಆಟ ಬಿಟ್ಟಿರುತ್ತದೆ. ಹಿಂದೆ ಒಂದು ಲಿವರ್ ಇದ್ದು, ಕಾಲು ಎಷ್ಟು ಮುಂದಕ್ಕೆ ವಾಲಿರಬೇಕು ಅಂತ ಅಲ್ಲೇ ಹೊಂದಿಸಬಹುದು. ನಾನು ಮುಂಗಾಲಿನ ಬೂಟನ್ನು ಹೆಚ್ಚುಕಡಿಮೆ ನೆಟ್ಟಗೆ, ಹಿಂಗಾಲಿನದ್ದನ್ನು ಇನ್ನೆರಡು ಹಲ್ಲು ಮುಂದಕ್ಕೆ ಇಡುತ್ತೇನೆ.

ಬೋರ್ಡಿನ ಅಗಲ ನಿರ್ಧಾರವಾಗುವುದು ಬೂಟಿನಿಂದ. ಆಲ್ಪೈನ್ ಬೋರ್ಡುಗಳ ನಡು ಸುಮಾರು 18ರಿಂದ 22 ಸೆಂ.ಮೀ. ಇರುತ್ತದೆ. ಬೂಟಿನ ತುದಿ ಎಡ್ಜಿನಿಂದ ಹೊರಗೆ ಚಾಚಿಕೊಂಡಿದ್ದರೆ, ಬೋರ್ಡು ಚೆನ್ನಾಗಿ ವಾಲಿದ ಗಳಿಗೆಯಲ್ಲಿ ಬೂಟು ಹಿಮಕ್ಕೆ ತಾಗಿ ಎಡ್ಜನ್ನು ಎತ್ತಿಬಿಡುತ್ತದೆ. ಆಮೇಲೆ ಬೀಳುವುದೊಂದೇ ಬಾಕಿ. ಹಾಗಾಗಿ ಬೋರ್ಡು ಸಪೂರ ಆದಷ್ಟೂ ಪಾದವನ್ನು ಜಾಸ್ತಿ ಮುಂದಕ್ಕೆ ತಿರುಗಿಸಬೇಕು. ತೀರಾ ತಿರುಗಿಸಿದರೆ ಸೊಂಟ, ಮೊಣಕಾಲು ಒಪ್ಪುವುದಿಲ್ಲ. ನನ್ನ ಬೂಟಿನ ಅಳತೆ 27 (ಪಾದದ ಉದ್ದ ಸೆಂ.ಮೀ. ಲೆಕ್ಕದಲ್ಲಿ), ಬೋರ್ಡಿನ ನಡು 20 ಸೆಂ.ಮೀ. ಬೋರ್ಡಿಗೆ ಅಡ್ಡವಾಗಿ ನಿಂತದ್ದನ್ನು ಸೊನ್ನೆ ಅಂದುಕೊಂಡರೆ ಮುಂಗಾಲು 60 ಡಿಗ್ರಿ, ಹಿಂಗಾಲು 56. ಈ ಅಂಕಿ ಕಾಗದದ ಮೇಲೆ ಹುಟ್ಟಿದ್ದಲ್ಲ. ಮನೆಯಲ್ಲೇ ಜಮಖಾನದ ಮೇಲೆ ಬೋರ್ಡಿಟ್ಟು, ಬೂಟು ಸಿಕ್ಕಿಸಿ, ಬೋರ್ಡನ್ನು ಮಗ್ಗುಲಿಗೆ ವಾಲಿಸುತ್ತಾ ಬೂಟು ಯಾವಾಗ ನೆಲ ಮುಟ್ಟುತ್ತದೆ ಅಂತ ನೋಡಿದೆ. ಒಂದು ಸ್ಕ್ರೂಡ್ರೈವರ್, ಅರ್ಧ ಗಂಟೆ ಸಾಕು. ಜೊತೆಗೆ ಮುಂಗಾಲಿನ ಬೆರಳ ಕಡೆಗೂ ಹಿಂಗಾಲಿನ ಹಿಮ್ಮಡಿ ಕಡೆಗೂ ಚಿಕ್ಕ ಬೆಣೆ ಕೊಟ್ಟೆ. ಮೊಣಕಾಲಿನ ಎಳೆತ ಅಲ್ಲಿಗೆ ಹೋಯಿತು.

ಇನ್ನು ಸೈಡ್‌ಕಟ್. ಬೋರ್ಡಿನ ಪಕ್ಕದ ಒಳಬಾಗು ಒಂದು ದೊಡ್ಡ ವೃತ್ತದ ತುಂಡು. ಆ ವೃತ್ತದ ತ್ರಿಜ್ಯವನ್ನೇ ಮೀಟರ್‌ನಲ್ಲಿ ಹೇಳುತ್ತಾರೆ. ಬೋರ್ಡು ವಾಲಿದಷ್ಟೂ ತಿರುವು ಚಿಕ್ಕದಾಗುತ್ತದೆ. 10 ಮೀಟರಿನ ಬೋರ್ಡನ್ನು 60 ಡಿಗ್ರಿ ವಾಲಿಸಿದರೆ ತಿರುವು ಹತ್ತಿರಹತ್ತಿರ 5 ಮೀಟರು. ವೇಗದ ಲೆಕ್ಕವೂ ಇದರಲ್ಲೇ ಅಡಗಿದೆ. 45 ಡಿಗ್ರಿ ವಾಲಿ ಸಮತೋಲದಲ್ಲಿರಲು 10 ಮೀಟರಿನ ಬೋರ್ಡಿಗೆ ಗಂಟೆಗೆ ಸುಮಾರು 30 ಕಿ.ಮೀ. ಬೇಕು, 20 ಮೀಟರಿನದ್ದಕ್ಕೆ 40 ದಾಟಬೇಕು. ರೇಸಿನವರು ಮಾರಿದ, ದೊಡ್ಡ ತ್ರಿಜ್ಯದ ಜೈಂಟ್ ಸ್ಲಾಲಮ್ ಬೋರ್ಡು ಅಗ್ಗಕ್ಕೆ ಸಿಗುತ್ತದೆ ಅಂತ ತಂದು, ಜನ ತುಂಬಿದ ಇಳಿಜಾರಿನಲ್ಲಿ ಅದನ್ನು ತಿರುಗಿಸಲಾಗದೆ ಒದ್ದಾಡುವವರನ್ನು ನೋಡಿದ್ದೇನೆ. ಅದಕ್ಕೆ ಬೇಕಾದ ವೇಗವೂ ಜಾಗವೂ ಅಲ್ಲಿರುವುದಿಲ್ಲ. ನಾನು 11 ಮೀಟರಿನದ್ದು ಆರಿಸಿದೆ, ಉದ್ದ 164 ಸೆಂ.ಮೀ.

ಕೆಸ್ಲರ್, ಎಸ್‌ಜಿ, ಡೋನೆಕ್, ಕಾಯ್ಲರ್ ಹೀಗೆ ಹೆಸರುವಾಸಿ ತಯಾರಕರಿದ್ದಾರೆ. ಹೇಳಿ ಮಾಡಿಸುವುದಾದರೆ ನಿಮ್ಮ ತೂಕ ಸರಿಯಾಗಿ ಹೇಳಿ, ಸಂಕೋಚ ಬೇಡ. ಬೋರ್ಡು ಎಷ್ಟು ಬಿಗಿ ಇರಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಒಳಗೆ ಟೈಟನಾಲ್ (ಒಂದು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹ) ಹಾಳೆ ಇರುವ ಬೋರ್ಡು ಗಡಸು ಹಿಮದಲ್ಲೂ ಅದುರುವುದು ಕಡಿಮೆ, ಆದರೆ ಗಟ್ಟಿಯಾಗಿ ಬಡಿದರೆ ಬಾಗಿದ್ದು ಬಾಗಿದ ಹಾಗೇ ಉಳಿಯಬಹುದು. ಹಳೆಯದನ್ನು ಕೊಳ್ಳುವಾಗ ಎಡ್ಜ್ ಎಷ್ಟು ಸವೆದಿದೆ, ಪದರ ಬಿಟ್ಟಿದೆಯಾ, ಸ್ಕ್ರೂ ಕೂರುವ ತೂತುಗಳು ಸರಿಯಿವೆಯಾ ನೋಡಿ. ಬಣ್ಣ ಹೋಗಿದ್ದರೆ ಹೋಗಲಿ ಬಿಡಿ.

ಓಡಿಸುವುದನ್ನು ನಾನು ಸುಲಭದ ಇಳಿಜಾರಿನಲ್ಲಿ, ಒಂದೇ ಎಡ್ಜಿನಿಂದ ಶುರು ಮಾಡಿದೆ. ಇಳಿಜಾರಿಗೆ ಅಡ್ಡವಾಗಿ ಹೊರಟು, ಬೋರ್ಡನ್ನು ವಾಲಿಸಿ ಸುಮ್ನೆ ನಿಲ್ಲುವುದು. ಹಿಂಗಾಲಿನಿಂದ ತಳ್ಳಬಾರದು. ಬೋರ್ಡು ತಾನೇ ಬಾಗಿ ಮೇಲ್ಮುಖವಾಗಿ ತಿರುಗಿ ನಿಲ್ಲುತ್ತದೆ. ನಿಂತ ಮೇಲೆ ಹಿಂದೆ ತಿರುಗಿ ಗುರುತು ನೋಡಿ. ಪೆನ್ಸಿಲಿನಿಂದ ಎಳೆದಂಥ ಸಣ್ಣ ಗೆರೆ ಇದ್ದರೆ ಅದು ಕಾರ್ವಿಂಗ್. ಗೆರೆ ಅಗಲವಾಗಿ ಹಿಮ ಕೆರೆದಂತಿದ್ದರೆ ಜಾರಿದ್ದೀರಿ. ನನಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲಿಲ್ಲ.

ಬೆರಳ ಕಡೆಯ ತಿರುವು ಬೇಗ ಒಲಿಯಿತು. ಕಣಕಾಲನ್ನು ಬೂಟಿನ ನಾಲಿಗೆಗೆ ಒತ್ತಿ, ಮೊಣಕಾಲು ಹಿಮದ ಕಡೆ ಇಳಿಸಿದರೆ ಸಾಕು. ಹಿಮ್ಮಡಿ ಕಡೆಯದ್ದೇ ಸತಾಯಿಸುವುದು. ಅಲ್ಲಿ ಎಲ್ಲರಿಗೂ ಕುರ್ಚಿಯಲ್ಲಿ ಕೂರುವ ಚಾಳಿ. ಪೃಷ್ಠ ಹೊರಗೆ, ಎದೆ ಮುಂದಕ್ಕೆ, ಎಡ್ಜ್ ಗಡಗಡ ಅದುರುತ್ತದೆ. ನನಗೆ ಕೆಲಸ ಮಾಡಿದ್ದು ಒಂದೇ ಉಪಾಯ: ತಿರುವು ಶುರುವಾಗುವ ಮೊದಲೇ ನೋಟವನ್ನು ತಿರುವಿನ ಆಚೆ ಕೊನೆಗೆ ಒಯ್ಯುವುದು, ಹೊರಗಿನ ಕೈಯನ್ನು ಮುಂಗಾಲಿನ ಬೂಟಿನ ಕಡೆ ತರುವುದು. ಎದೆ ತಾನಾಗಿ ಬೋರ್ಡಿನ ಮೂತಿಯ ಕಡೆ ತಿರುಗುತ್ತದೆ, ಸೊಂಟ ಒಳಗೆ ಬರುತ್ತದೆ, ಅದುರು ನಿಲ್ಲುತ್ತದೆ. ಹಿಮಕ್ಕೆ ಕೈ ತಾಗಿಸುವ ಆಸೆಯಿಂದ ಭುಜ ಕೆಳಗೆ ಹಾಕಬೇಡಿ. ಬೋರ್ಡು ಸಾಕಷ್ಟು ವಾಲಿದರೆ ಹಿಮವೇ ಕೈ ಹತ್ತಿರ ಬರುತ್ತದೆ.

60 ಡಿಗ್ರಿ ವಾಲಿದಾಗ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಎರಡರಷ್ಟು. ಮಧ್ಯಾಹ್ನದ ಹೊತ್ತಿಗೆ ತೊಡೆ ಉರಿಯುತ್ತದೆ, ಹಿಮವೂ ಮೆತ್ತಗಾಗಿ ಗುಡ್ಡೆಗುಡ್ಡೆಯಾಗಿರುತ್ತದೆ. ಆಗ ನಾನು ನಿಲ್ಲಿಸಿಬಿಡುತ್ತೇನೆ.

ಇನ್ನೊಂದು ವಿಷಯಕ್ಕೆ ನಾನು ರಾಜಿ ಆಗುವುದಿಲ್ಲ. ಕಾರ್ವಿಂಗ್ ಮಾಡುವವರು ಇಳಿಜಾರಿನ ಪೂರ್ತಿ ಅಗಲ ಬಳಸುತ್ತೇವೆ, ಕೆಲವೊಮ್ಮೆ ಮೇಲ್ಮುಖವಾಗಿಯೂ ತಿರುಗುತ್ತೇವೆ. ಹಿಂದಿನಿಂದ ಬರುವವರಿಗೆ ಅದು ಊಹೆಗೇ ಬರುವುದಿಲ್ಲ. ಕೆಳಗಿರುವವರಿಗೆ ಮೊದಲ ಹಕ್ಕು ನಿಜ. ಆದರೆ ಹೊರಡುವಾಗ, ಮೇಲಕ್ಕೆ ತಿರುಗುವಾಗ ಮೇಲೆ ಕೆಳಗೆ ಎರಡೂ ಕಡೆ ನೋಡಬೇಕು ಅಂತ ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ) ನಿಯಮವೇ ಇದೆ. ಹಿಮ್ಮಡಿ ಕಡೆ ತಿರುಗುವ ಮುನ್ನ ನಾನು ಪ್ರತಿ ಸಲ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತೇನೆ. ಯಾರಾದರೂ ಬರುತ್ತಿದ್ದರೆ ಪಕ್ಕಕ್ಕೆ ಸರಿದು ನಿಂತು, ಅವರು ದಾಟಿದ ಮೇಲೆ ಹೊರಡುತ್ತೇನೆ.