ತೊಗರಿ ಬೇಳೆ ಬಣ್ಣದ ಬೀಟಲ್

ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ ನನ್ನ ಎರಡು ಕೋಣೆಯ ಲ್ಯಾಬ್ ಇದೆ. ದಿನವಿಡೀ ಗುಲಾಬಿ ಅಕ್ರಿಲಿಕ್ ಉಜ್ಜಿ ಹೊಳಪು ಬರಿಸುವ ಕೈಗೆ ಪ್ಲಾಸ್ಟಿಕ್ ಕಾರು ಏನು ಮಹಾ ಎಂದುಕೊಂಡೇ, ಬಿಡಿಭಾಗ ಜೋಡಿಸಿ ಬಣ್ಣ ಹೊಡೆಯುವ ಮಾದರಿ ಕಾರಿನ ಮೊದಲ ಕಿಟ್ ಬಿಚ್ಚಿದ್ದೆ. ಆ ಕಾರು ಇಂದಿಗೂ ಲ್ಯಾಬಿನ ಶೆಲ್ಫಿನಲ್ಲಿದೆ, ಟಾಪಿನ ನಡುವೆ ಕರಗಿ ಬಿದ್ದ ಕುಳಿಯೊಂದಿಗೆ. ಹಲ್ಲನ್ನು ಪಾಲಿಶ್ ಮಾಡುವ ಮೋಟಾರಿಗೆ ಅದನ್ನು ಒಡ್ಡಿದ್ದೆ. ಹಲ್ಲಿಗಾದರೆ ಒದ್ದೆ ಪ್ಯೂಮಿಸ್ ಪುಡಿ ಮೆತ್ತಿ ಉಜ್ಜುತ್ತೇವೆ, ಬಿಸಿ ಏರುವುದಿಲ್ಲ. ಕಾರನ್ನು ಒಣ ಬಫ್‌ಗೆ ಹಿಡಿದಿದ್ದೆ. ಕಿಟ್‌ಗಳ ಪಾಲಿಸ್ಟೈರೀನ್ ನೂರು ಡಿಗ್ರಿಯ ಹತ್ತಿರಕ್ಕೆ ಬಂದರೆ ಸಾಕು, ಬೆಣ್ಣೆ. ಆದ್ದರಿಂದ ಈ ಕೆಲಸದಲ್ಲಿ ಮೋಟಾರು ಬೇಡ, ಕೈಯೇ ಸಾಕು.

ಈಗ ಹೇಳುತ್ತಿರುವುದು ಐದನೆಯ ಕಾರಿನ ಕಥೆ. 1:24 ಅಳತೆಯ ಫೋಕ್ಸ್‌ವ್ಯಾಗನ್ ಬೀಟಲ್. ನಿಜವಾದ ಬೀಟಲ್ ನಾಲ್ಕು ಮೀಟರಿಗೆ ತುಸು ಹೆಚ್ಚು ಉದ್ದ. ಅದನ್ನು 24ರಿಂದ ಭಾಗಿಸಿದರೆ ಸುಮಾರು 17 ಸೆಂಟಿಮೀಟರ್, ಅಂದರೆ ಚೋಟುದ್ದದ ಕಾರು. ಇದಕ್ಕೆ ನಮ್ಮ ತೊಗರಿ ಬೇಳೆಯ ಬಣ್ಣವೇ ಆಗಬೇಕೆಂದು ನನಗೆ ಹಟ ಹತ್ತಿತು. ಬೇಳೆಗೆ 2019ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಒಂದು ಕಾರಾದರೂ ಸಿಗಲಿ ಎಂದುಕೊಂಡೆ.

ಬಣ್ಣದ ಡಬ್ಬಿ ಮುಟ್ಟುವ ಮೊದಲು ಬಾಡಿಯನ್ನು ತೊಳೆಯಿರಿ. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಮೈಮೇಲೆ ಉಳಿದಿರುತ್ತದೆ. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್. ನಮ್ಮ ಲ್ಯಾಬಿನಲ್ಲಿ ಬ್ರಷ್ಷಿಗೆ ಬರವೇ? ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬಾಡಿಯೊಳಗೆ ಒಂದು ಬಾಟಲಿಯ ಕತ್ತನ್ನು ಟೇಪಿನಿಂದ ಗಟ್ಟಿಯಾಗಿ ಅಂಟಿಸಿ, ಬಾಟಲಿಯನ್ನೇ ಹಿಡಿಯಾಗಿ ಮಾಡಿಕೊಳ್ಳಿ. ಕಾರಿಗೆ ಕೊನೆಯ ಕೋಟ್ ಆಗುವವರೆಗೆ ಅದು ಕಳಚಬಾರದು.

ಅಚ್ಚಿನ ಎರಡು ಭಾಗ ಕೂಡಿದ ಕಡೆ ಕೂದಲೆಳೆಯಷ್ಟು ಗೆರೆ ಎದ್ದಿರುತ್ತದೆ. ಬೀಟಲ್‌ನಂಥ ಗುಂಡು ಕಾರಿನಲ್ಲಿ ಅದು ಮಡ್‌ಗಾರ್ಡಿನ ಬೆನ್ನ ಮೇಲೋ ಟಾಪಿನ ಅಂಚಿನಲ್ಲೋ ಓಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ತಾಗುತ್ತದೆ. ಬ್ಲೇಡನ್ನು ನಿಲ್ಲಿಸಿ ಹಿಡಿದು ಮೆಲ್ಲಗೆ ಕೆರೆದು, ಆಮೇಲೆ 600 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ಹಾಕಿ. ಚಪ್ಪಟೆ ಬಿಡಿಭಾಗಗಳನ್ನು ಉಜ್ಜಲು ನಮ್ಮೂರಿನವರಿಗೆ ದೇವರು ಕೊಟ್ಟ ಸಲಕರಣೆಯೊಂದಿದೆ, ಶಹಾಬಾದ್ ಕಲ್ಲು. ಪಾಲಿಶ್ ಮಾಡಿದ ಒಂದು ಅಡಿಯ ತುಂಡು ಯಾವ ಕಲ್ಲಿನ ಅಂಗಡಿಯ ಮೂಲೆಯಲ್ಲೂ ಬಿದ್ದಿರುತ್ತದೆ. ಅದಕ್ಕೆ ನೀರು ಚಿಮುಕಿಸಿ ಪೇಪರನ್ನು ಮೇಲಿಟ್ಟರೆ ತಾನೇ ಹಿಡಿದುಕೊಳ್ಳುತ್ತದೆ. ಭಾಗವನ್ನು ಪೇಪರಿನ ಮೇಲೆ ಆಡಿಸಿ, ಪೇಪರನ್ನು ಭಾಗದ ಮೇಲಲ್ಲ. ಗುಂಡು ಜಾಗಕ್ಕೆ ಮಾತ್ರ ಪೇಪರನ್ನು ಸ್ಪಂಜಿನ ಚೂರಿಗೆ ಸುತ್ತಿಕೊಳ್ಳಬೇಕು.

ಹೊಳಪು ಮೇಲಿನಿಂದ ಬರುವುದಲ್ಲ, ಕೆಳಗಿನಿಂದ ಬರುವುದು. ಇದನ್ನು ಹಲ್ಲಿನ ಕೆಲಸ ನನಗೆ ಕಲಿಸಿತ್ತು, ಆದರೂ ಕಾರಿನ ಮುಂದೆ ಮರೆತಿದ್ದೆ. ನೆನಪಿಸಿದವರು ನಮ್ಮ ಗಲ್ಲಿಯ ಕೊನೆಯ ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿನ ಚಾಚಾ. ಬಣ್ಣಕ್ಕೆ ಮೊದಲಿನ ಅಡಿಕೋಟಾದ ಪ್ರೈಮರ್ ಹೊಡೆದ ಬಾಡಿಯನ್ನು ತೋರಿಸಿದಾಗ ಅವರು ಕಣ್ಣಿನಿಂದ ನೋಡಲೇ ಇಲ್ಲ, ಕಣ್ಣು ಮುಚ್ಚಿ ಬೆರಳಾಡಿಸಿದರು. “ಬೇಟಾ, ಇಲ್ಲಿ ಒಂದು ಗೀರು, ಇಲ್ಲಿ ಒಂದು ಹಳ್ಳ. ಬಣ್ಣ ಇದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ” ಎಂದರು. ಎರಡೂ ಇದ್ದವು. ಪುಟ್ಟಿಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ತುಂಬಿ, ಒಂದು ದಿನ ಬಿಟ್ಟು, 800ರಲ್ಲಿ ಉಜ್ಜಿ ಮತ್ತೆ ಪ್ರೈಮರ್ ಹೊಡೆದೆ. ಬೂದು ಪ್ರೈಮರಿನ ಕೆಲಸವೇ ಅದು, ತಪ್ಪು ತೋರಿಸುವುದು.

ಗ್ಯಾರೇಜಿನ ಎನ್‌ಸಿ ಪೇಂಟು, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಸುವವರಿಗೆ ಒಂದು ಎಚ್ಚರಿಕೆ. ಆ ಥಿನ್ನರ್ ಬರಿ ಪ್ಲಾಸ್ಟಿಕ್ಕಿಗೆ ತಾಗಿದರೆ ಬೇಸಿಗೆಯ ಕೆರೆಯಂಗಳದಂತೆ ಮೈ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ಕಿಗೆಂದೇ ಬರುವ ಪ್ರೈಮರನ್ನು ತೆಳ್ಳಗೆ ಎರಡು ಮೂರು ಸಲ ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಎನ್‌ಸಿ ಬಣ್ಣವನ್ನು ಮಂಜಿನಂತೆ ಹೊಡೆಯಿರಿ. ಮೊದಲೆಲ್ಲ ಐಸ್‌ಕ್ರೀಂ ಚಮಚದ ಮೇಲೆ ಪರೀಕ್ಷೆ ಮಾಡುತ್ತಿದ್ದೆ. 2022ರ ಜುಲೈ ಒಂದರಿಂದ ಪ್ಲಾಸ್ಟಿಕ್ ಚಮಚಕ್ಕೆ ನಿಷೇಧ ಬಿತ್ತು. ಮರದ ಚಮಚ ಬಣ್ಣವನ್ನು ಕುಡಿದುಬಿಡುತ್ತದೆ, ಏನೂ ತಿಳಿಯುವುದಿಲ್ಲ. ಈಗ ಕಾರಿನ ಅಡಿಭಾಗದ ತಟ್ಟೆಯೇ ನನ್ನ ಪರೀಕ್ಷೆಯ ಹಲಗೆ. ಕೊನೆಗೆ ಅದಕ್ಕೆ ಕಪ್ಪು ಬಣ್ಣ ಹೊಡೆದರೆ ಯಾರಿಗೆ ಗೊತ್ತಾಗಬೇಕು?

ಯಾವಾಗ ಹೊಡೆಯಬೇಕು ಎಂಬುದು ಹೇಗೆ ಹೊಡೆಯಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ಅದರಲ್ಲೂ ನಮ್ಮ ಕಡೆ. ಮೇ ತಿಂಗಳಲ್ಲಿ ಪಾರ 43 ದಾಟಿದ ಮಧ್ಯಾಹ್ನ ಬಣ್ಣ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಕಾರಿನ ಮೇಲೆ ರವೆಯಂತೆ ಉದುರುತ್ತದೆ. ಹಾಗೆಂದು ನಾನು ಒಂದು ಜಾಣತನ ಮಾಡಿದೆ. ಕೋಣೆ ತಂಪಾಗಲಿ ಎಂದು ಕೂಲರ್ ಹಚ್ಚಿಕೊಂಡು ರಾತ್ರಿ ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಕೋಟ್ ಹೊಡೆದೆ. ಹತ್ತು ನಿಮಿಷದಲ್ಲಿ ಇಡೀ ಬಾನೆಟ್ಟಿಗೆ ಹಾಲು ಚೆಲ್ಲಿದಂತೆ ಬಿಳಿ ಪೊರೆ. ಥಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಕೂಲರ್ ಎಸೆದ ತೇವ ಅಲ್ಲಿ ಕೂರುತ್ತದೆ. ಆಗಸ್ಟಿನ ಮಳೆಯಲ್ಲೂ ಇದೇ ಕಾಟ. ಆದರೆ ಗಾಬರಿ ಬೇಡ. ಒಣ ಹವೆಯ ಬೆಳಿಗ್ಗೆ ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರನ್ನು ತೆಳುವಾಗಿ ಹೊಡೆದರೆ ಪೊರೆ ಬಿಡುತ್ತದೆ. ನನ್ನದು ಬಿಟ್ಟಿತು. ಈಗ ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ ಬಣ್ಣ, ಅದೂ ಬಿಸಿಲು ಏರುವ ಮುನ್ನ, ಬೀದಿಯಲ್ಲಿ ಧೂಳು ಏಳುವ ಮೊದಲು. ಕೋಣೆಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸಿ, ಹತ್ತು ನಿಮಿಷ ಸುಮ್ಮನೆ ಕೂರುತ್ತೇನೆ. ಧೂಳೂ ನನ್ನ ಜೊತೆ ಕೂರುತ್ತದೆ. ಇದೂ ಚಾಚಾ ಹೇಳಿಕೊಟ್ಟದ್ದೇ.

ಇನ್ನು ಬಣ್ಣ. ಒಂದು ಹಿಡಿ ಬೇಳೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಗಾಡಿ ಬಣ್ಣ ಮಿಶ್ರಣ ಮಾಡುವ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಬೇಳೆಯನ್ನೂ ನನ್ನನ್ನೂ ನೋಡಿ “ಅಕ್ಕಾ, ಕಿರಾಣಿ ಅಂಗಡಿ ಪಕ್ಕದ್ದು” ಎಂದ. ವಿಷಯ ತಿಳಿದ ಮೇಲೆ ಅವನಿಗೂ ಹುರುಪು ಬಂತು. ತೊಡಕು ಏನೆಂದರೆ, ಬೇಳೆಗೆ ಒಂದು ಬಣ್ಣ ಇಲ್ಲ. ಒಣ ಬೇಳೆಯ ಒಡೆದ ಮೈ ಮಂಕು, ಬೆನ್ನು ಸ್ವಲ್ಪ ಗಾಢ. ನೆನೆಸಿದರೆ ಹಳದಿ ಇಳಿದು ಕೇಸರಿಯ ಕಡೆಗೆ ವಾಲುತ್ತದೆ. ಎಣ್ಣೆ ಹಚ್ಚಿ ಮಿಂಚಿಸಿದ್ದು ಬೇರೆಯೇ. ಮಂಕಾದ ಬಣ್ಣದ ಮೇಲೆ ಕ್ಲಿಯರ್ ಬಿದ್ದಾಗ ಆಗುವುದೂ ಬೇಳೆ ನೆಂದಾಗ ಆಗುವುದೇ, ಬಣ್ಣ ಆಳವಾಗುತ್ತದೆ. ಆದ್ದರಿಂದ ಕ್ಲಿಯರ್ ಹೊಡೆದ ಮಾದರಿಯನ್ನು ನೆನೆಸಿದ ಬೇಳೆಯ ಪಕ್ಕದಲ್ಲಿಟ್ಟು, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ಹೋಲಿಸಿದೆವು. ಟ್ಯೂಬ್‌ಲೈಟಿನ ಕೆಳಗೆ ಹೋಲಿಸಿದ ಬಣ್ಣ ಮನೆಗೆ ಬಂದ ಮೇಲೆ ಮೋಸ ಮಾಡುತ್ತದೆ. ಮೂರನೆಯ ಮಿಶ್ರಣ ಕೂಡಿಬಂತು.

ಹಳದಿಗೆ ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರಿನ ಮೇಲೆ ನೇರವಾಗಿ ಹೊಡೆದರೆ ಪಾಚಿ ಕಟ್ಟಿದಂತೆ ಹಸಿರು ಮಂಕು. ಕೆಳಗೆ ಬಿಳಿ ಬೇಕು, ಇಲ್ಲವೇ ತಿಳಿ ಗುಲಾಬಿ. ಅಡಿತಟ್ಟೆಯ ಮೇಲೆ ಎರಡನ್ನೂ ಹೊಡೆದು ನೋಡಿದೆ. ಬಿಳಿಯ ಮೇಲಿನ ಹಳದಿ ನಿಂಬೆಹಣ್ಣಿನಂತೆ ಚುರುಕಾಗಿತ್ತು, ಗುಲಾಬಿಯ ಮೇಲಿನದಕ್ಕೆ ಬೇಳೆಯ ಬೆಚ್ಚನೆಯ ಛಾಯೆ ಬಂತು. ಮಿಂಚಿನ ಪುಡಿ ಬೆರೆತ ಮೆಟಾಲಿಕ್ ಬಣ್ಣವನ್ನು ಹುಡುಗ ತೋರಿಸಿದ, ಬೇಡ ಎಂದೆ. ದೊಡ್ಡ ಕಾರಿಗೆ ಸರಿಹೋಗುವ ಆ ಕಣ, ಚೋಟುದ್ದದ ಕಾರಿನ ಮೇಲೆ ಸಕ್ಕರೆ ಚೆಲ್ಲಿದಂತೆ ಕಾಣುತ್ತದೆ.

ನನ್ನ ಬಳಿ ಲ್ಯಾಬಿನ ಕಂಪ್ರೆಸರ್ ಇರುವುದರಿಂದ 0.3 ಮಿ.ಮೀ. ಮೂತಿಯ ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಗನ್ನು) ಕೊಂಡೆ. ಒತ್ತಡ 15ರಿಂದ 20 ಪಿಎಸ್‌ಐ, ಬಣ್ಣ ಹಾಲಿನಷ್ಟು ತೆಳು. ಸ್ಪ್ರೇ ಡಬ್ಬಿಯಲ್ಲೂ ಚೆನ್ನಾಗಿ ಬರುತ್ತದೆ, 15ರಿಂದ 20 ಸೆಂಟಿಮೀಟರ್ ದೂರ ಹಿಡಿಯಬೇಕಷ್ಟೆ. ಕಾರಿನ ಆಚೆಯೇ ಒತ್ತಲು ಶುರುಮಾಡಿ, ಕಾರನ್ನು ದಾಟಿದ ಮೇಲೆ ಬೆರಳು ಬಿಡಿ. ಕಾರಿನ ಮೇಲೆಯೇ ಶುರುಮಾಡಿದರೆ ಮೊದಲ ಉಗುಳು ಬಾನೆಟ್ಟಿನ ಮೇಲೆ ಬೀಳುತ್ತದೆ. ಮೊದಲ ಎರಡು ಸಲ ಮಂಜು, ಮೂರನೆಯದು ಸ್ವಲ್ಪ ಒದ್ದೆ. ಸೋರಿದರೆ ಒರೆಸಬೇಡಿ, ಕೈಕಟ್ಟಿ ನಿಲ್ಲಿ. ಒಣಗಿದ ಮೇಲೆ ಉಜ್ಜಬಹುದು, ಒರೆಸಿದ್ದನ್ನು ಸರಿಮಾಡಲು ಆಗುವುದಿಲ್ಲ. ಪ್ರತಿ ಕೋಟ್ ಆದ ಮೇಲೂ ಕಾರನ್ನು ಅತ್ತೆಯವರ ದೊಡ್ಡ ರೊಟ್ಟಿ ಡಬ್ಬಿಯಲ್ಲಿ ಇಟ್ಟು ಮುಚ್ಚಳವನ್ನು ಓರೆಯಾಗಿ ಮುಚ್ಚುತ್ತಿದ್ದೆ. ಧೂಳು ಬೀಳಬಾರದು, ಥಿನ್ನರಿನ ಆವಿಯೂ ಹೋಗಬೇಕು. “ರೊಟ್ಟಿಗೆ ಇದೇನು ಪೆಟ್ರೋಲ್ ವಾಸನೆ ಬಂದಿದೆಯವ್ವಾ?” ಎಂದು ಅವರು ಕೇಳಿದ ಮರುದಿನವೇ ನನಗೊಂದು ಹೊಸ ಡಬ್ಬಿ ಬಂತು.

ಕ್ಲಿಯರಿನ ವಿಚಾರದಲ್ಲಿ ಚಾಚಾಗೂ ನನಗೂ ಜಗಳ. ಗಟ್ಟಿ ಮಾಡುವ ಹಾರ್ಡನರ್ ಬೆರೆಸುವ ‘ಟೂಕೆ’ ಎಂಬ ಕ್ಲಿಯರ್ ಹೊಡೆದರೆ ಕನ್ನಡಿಯಂತೆ ಬರುತ್ತದೆ ಎನ್ನುತ್ತಾರೆ, ನಿಜವೇ. ಆದರೆ ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಆಸ್ತಮಾ ತರಬಲ್ಲದು. ನಮ್ಮ ಲ್ಯಾಬಿನ ಬಟ್ಟೆ ಮಾಸ್ಕು ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಕೆಲಸ ಮಾಡುವವರಿಗೆ ಸಾದಾ ಲ್ಯಾಕರ್ ಕ್ಲಿಯರ್ ಸಾಕು. ಅದಕ್ಕೂ ಇಂಗಾಲದ ಕಾರ್ಟ್ರಿಜ್ ಇರುವ ಮಾಸ್ಕು ಹಾಕಿ, ಕಿಟಕಿ ತೆರೆದಿಡಿ. ಪಕ್ಕದ ಕೋಣೆಯಲ್ಲಿ ಗ್ಯಾಸ್ ಉರಿಯುತ್ತಿರಬಾರದು.

ಕ್ಲಿಯರ್ ಮೂರು ನಾಲ್ಕು ಕೋಟ್ ಆದ ಮೇಲೆ ಒಂದು ವಾರ ಮುಟ್ಟಬೇಡಿ. ಒಣಗಿದೆಯೇ ಎಂದು ಬೆರಳಿನಿಂದ ನೋಡುವವರು ಬೆರಳಚ್ಚು ಪಡೆಯುತ್ತಾರೆ. ಮೂಗಿನಿಂದ ನೋಡಿ, ಥಿನ್ನರ್ ವಾಸನೆ ಇದ್ದರೆ ಇನ್ನೂ ಹಸಿ. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಟಾಪಿನ ಮೇಲೆ ಬೆಳಕಿನ ಗೆರೆ ಬೀಳುತ್ತದೆ. ಅದರ ಅಂಚು ಚೂರು ಚೂರಾಗಿ ನಡುಗಿದರೆ ಮೈ ಕಿತ್ತಳೆ ಸಿಪ್ಪೆಯಂತಾಗಿದೆ ಎಂದರ್ಥ. 1500, 2000 ನಂಬರಿನ ಪೇಪರುಗಳನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಒಂದು ಹನಿ ಸೋಪು ಹಾಕಿ, ಬೆರಳಿನ ಭಾರವಷ್ಟೇ ಕೊಟ್ಟು ಉಜ್ಜಿ. ಮಡ್‌ಗಾರ್ಡಿನ ಏಣು, ಬಾಗಿಲಿನ ಅಂಚುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಅಲ್ಲಿ ಮೊದಲೇ ‘ತಮಿಯಾ’ ಕಂಪನಿಯ ಹಳದಿ ಟೇಪನ್ನು ಸಣ್ಣಗೆ ಕತ್ತರಿಸಿ ಅಂಟಿಸಿಕೊಳ್ಳಿ. ನೀರು ಬಿಳಿಯಾಗಿ ಬರುವವರೆಗೆ ನೀವು ಕ್ಲಿಯರನ್ನು ಉಜ್ಜುತ್ತಿದ್ದೀರಿ. ಹಳದಿ ಕಂಡಿತೋ, ನಿಲ್ಲಿಸಿ. ನನಗೆ ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಮೇಲೆ ಹಳದಿ ಕಂಡಿತು, ಒಂದು ಕೋಟ್ ಮತ್ತೆ ಹೊಡೆದು ಇನ್ನೊಂದು ವಾರ ಕಾದೆ. ಮೈಯೆಲ್ಲ ಒಂದೇ ಸಮ ಮಂಕಾದ ಮೇಲೆ ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿದರೆ ಕೆಳಗಿನಿಂದ ಬೆಳಕು ಎದ್ದು ಬರುತ್ತದೆ.

ಬಾಗಿಲು, ಬಾನೆಟ್ಟುಗಳ ಸಂದಿಗೆ ತೆಳು ಮಾಡಿದ ಎನಾಮೆಲ್ ಬಣ್ಣ ಹರಿಸಿ. ಲ್ಯಾಕರಿನ ಮೇಲೆ ಎನಾಮೆಲ್ ಕುಳಿತರೆ ಹೆಚ್ಚಾದುದನ್ನು ಸೀಮೆಎಣ್ಣೆಯಂಥ ಸೌಮ್ಯ ಥಿನ್ನರಿನಲ್ಲಿ ಒರೆಸಬಹುದು, ಕೆಳಗಿನ ಬಣ್ಣ ಕದಲುವುದಿಲ್ಲ. ಹಳದಿ ಕಾರಿಗೆ ಕಪ್ಪು ಬೇಡ, ಕಂದು ಹರಿಸಿ. ಕಪ್ಪು ಹರಿಸಿದರೆ ಮಗು ಪೆನ್ಸಿಲಿನಲ್ಲಿ ತಿದ್ದಿದಂತೆ ಕಾಣುತ್ತದೆ.

ಬೀಟಲ್‌ನ ಪಕ್ಕೆಯ ಉದ್ದಕ್ಕೂ ಕ್ರೋಮ್ ಪಟ್ಟಿ ಓಡುತ್ತದೆ. ಅದಕ್ಕೆ ಬಣ್ಣ ಹೊಡೆದರೆ ಅಲ್ಯೂಮಿನಿಯಂ ಬೋಗುಣಿಯಂತೆ ಕಾಣುವುದರಿಂದ, ಅಂಟು ಬೆನ್ನಿನ ತೆಳು ಲೋಹದ ಹಾಳೆಯನ್ನು ಹಾಕಿದೆ. ಹಾಳೆಯನ್ನು ಪಟ್ಟಿಗಿಂತ ಅಗಲವಾಗಿ ಹಾಸಿ, ಹಲ್ಲುಕಡ್ಡಿಯ ಮೊಂಡು ತುದಿಯಿಂದ ಒತ್ತಿ ಒತ್ತಿ ಕೂರಿಸಿ, ಹೊಸ ಬ್ಲೇಡಿನಿಂದ ಎರಡೂ ಅಂಚಿಗೆ ಭಾರ ಹಾಕದೆ ಗೀರಿ, ಹೆಚ್ಚಿನದನ್ನು ಸಿಪ್ಪೆಯಂತೆ ಎಳೆದೆ. ಬೀದರಿನಲ್ಲಿ ಬಿದರಿ ಕೆಲಸದವರು ತಂತಿಯಷ್ಟು ಸಣ್ಣ ಬೆಳ್ಳಿಯನ್ನು ಕೊರೆದ ಗೀರಿನೊಳಗೆ ಬಡಿದು ಕೂರಿಸುವುದನ್ನು ನೋಡಿದ್ದೇನೆ. ಆಮೇಲೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುತ್ತಾರೆ, ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತದೆ. ಅದನ್ನು ನೋಡಿ ಬಂದ ಮೇಲೆ ಹಾಳೆ ಅಂಟಿಸುವುದನ್ನು ಕಷ್ಟದ ಕೆಲಸ ಎನ್ನಲು ನಾಚಿಕೆಯಾಗುತ್ತದೆ. ಆದರೂ ಬಲಗಡೆಯ ಪಟ್ಟಿಗೆ ಮೂರು ಹಾಳೆ ಹಾಳಾದವು.

ಗಾಜಿಗೆ ಫೆವಿಕ್ವಿಕ್ ಬೇಡವೇ ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂತರೆ ಸುಲಭಕ್ಕೆ ಹೋಗುವುದಿಲ್ಲ. ಬಿಳಿ ಫೆವಿಕಾಲನ್ನು ಸೂಜಿಯ ತುದಿಯಲ್ಲಿ ಅಂಚಿಗೆ ಇಡಿ, ಒಣಗಿದ ಮೇಲೆ ಕಾಣುವುದೇ ಇಲ್ಲ. ಟೈರಿನ ಹೊಳಪು ಆಟಿಕೆಯ ಹೊಳಪು. ನೆಲಕ್ಕೆ ತಾಗುವ ಭಾಗವನ್ನು 400ರಲ್ಲಿ ಒಂದು ಸುತ್ತು ಉಜ್ಜಿದರೆ ಹತ್ತು ಸಾವಿರ ಕಿಲೋಮೀಟರ್ ಓಡಿದಂತಾಗುತ್ತದೆ.

ನಂಬರ್ ಪ್ಲೇಟು ಕಿಟ್‌ನಲ್ಲಿ ಹೊರದೇಶದ್ದು ಬಂದಿತ್ತು. ನಮ್ಮ ಕಾರಿನ ಪ್ಲೇಟು 500 ಮಿ.ಮೀ. ಅಗಲ, 120 ಎತ್ತರ. 24ರಿಂದ ಭಾಗಿಸಿದರೆ 21ಕ್ಕೆ 5 ಮಿ.ಮೀ. ಝೆರಾಕ್ಸ್ ಅಂಗಡಿಯಲ್ಲಿ ಕೆಎ 32 ಎಂದು ಆ ಅಳತೆಗೆ ಫೋಟೋ ಕಾಗದದಲ್ಲಿ ಅಚ್ಚು ಹಾಕಿಸಿ, ಅಂಚಿನ ಬಿಳಿ ಕಾಣದಂತೆ ಕಪ್ಪು ಮಾರ್ಕರ್ ಎಳೆದು ಅಂಟಿಸಿದೆ. ಕಾರನ್ನು ಚಾಚಾಗೆ ಒಯ್ದೆ. ಅವರು ಮತ್ತೆ ಕಣ್ಣು ಮುಚ್ಚಿ ಬೆರಳಾಡಿಸಿ, ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಮೇಲೆ ನಿಲ್ಲಿಸಿ, “ಇಲ್ಲಿ ಎರಡು ಸಲ ಹೊಡೆದಿದ್ದೀಯಲ್ಲ?” ಎಂದರು.