ಬ್ರೌಸರಿನ ಕೈಗೆ ಟೋಕನ್ ಸಾಕು, ಗಂಟು ಬೇಡ

ಕೆಲವು ವರ್ಷಗಳ ಹಿಂದೆ, ಮಲೆನಾಡಿನಲ್ಲಿ ಹೋಂಸ್ಟೇ ನಡೆಸುವ ಪರಿಚಿತರೊಬ್ಬರಿಗೆ ಕೋಣೆ ಕಾದಿರಿಸುವ ಜಾಲತಾಣ ಮಾಡಿಕೊಟ್ಟಿದ್ದೆ. ಮೂರೇ ಪುಟ. ಮೊದಲನೆಯದರಲ್ಲಿ ದಿನಾಂಕ ಮತ್ತು ಕೋಣೆ, ಎರಡನೆಯದರಲ್ಲಿ ಅತಿಥಿಯ ಹೆಸರು, ಮೊಬೈಲ್, ಗುರುತಿನ ಚೀಟಿಯ ಸಂಖ್ಯೆ, ಮೂರನೆಯದರಲ್ಲಿ ಹಣ ಪಾವತಿ. ಮೊದಲ ಪುಟದಲ್ಲಿ ಲೆಕ್ಕ ಹಾಕಿದ ಬಾಡಿಗೆಯನ್ನು ಮೂರನೆಯ ಪುಟದವರೆಗೆ ಸಾಗಿಸಬೇಕಿತ್ತು. ಫಾರ್ಮಿನಲ್ಲೊಂದು ಹಿಡನ್ ಫೀಲ್ಡ್ ಇಟ್ಟು, ಅದರೊಳಗೆ 7000 ಎಂದು ಬರೆದು ಮುಂದಕ್ಕೆ ತಳ್ಳಿದೆ. ಒಂದು ಶನಿವಾರ ಬೆಳಿಗ್ಗೆ ಅವರ ಕರೆ ಬಂತು: “ಮಾರಾಯರೇ, ಇಲ್ಲೊಬ್ಬ ಹುಡುಗ ಎರಡು ರಾತ್ರಿಗೆ ಎಪ್ಪತ್ತು ರೂಪಾಯಿ ಕಟ್ಟಿದ ರಸೀದಿ ಹಿಡಿದು ನಿಂತಿದ್ದಾನೆ. ಎಪ್ಪತ್ತಕ್ಕೆ ಅಕ್ಕಿರೊಟ್ಟಿ, ಕಾಫಿ ಕೊಡಬಲ್ಲೆ, ಕೋಣೆ ಹೇಗೆ ಕೊಡಲಿ?”

ಹುಡುಗ ಎಂಜಿನಿಯರಿಂಗ್ ವಿದ್ಯಾರ್ಥಿ. ಕೇಳಿದ ಕೂಡಲೇ ನಗುತ್ತಾ ಒಪ್ಪಿಕೊಂಡು ಬಾಕಿ ಹಣವನ್ನೂ ಕೊಟ್ಟ. ಅವನು ಮಾಡಿದ್ದು ಇಷ್ಟೇ: ಪುಟದ ಮೇಲೆ ಬಲ ಕ್ಲಿಕ್ ಮಾಡಿ, ‘ಇನ್‌ಸ್ಪೆಕ್ಟ್’ ಒತ್ತಿ, ಎರಡು ಸೊನ್ನೆ ಅಳಿಸಿದ್ದ. ಹಿಡನ್ ಫೀಲ್ಡ್ ಕಣ್ಣಿಗೆ ಮಾತ್ರ ಮರೆ, ಕೈಗಲ್ಲ ಎಂಬುದನ್ನು ನಾನು ಕಲಿತದ್ದು ಹಾಗೆ. ಆಮೇಲೆ ಆ ತಾಣವನ್ನು ಹೊಸದಾಗಿ ಬರೆದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ತೊಂದರೆಯ ಬೇರು. ವೆಬ್ಬಿನ ಎಚ್‌ಟಿಟಿಪಿ ಎಂಬ ಸಂವಹನ ಕ್ರಮಕ್ಕೆ ನೆನಪಿನ ಶಕ್ತಿ ಇಲ್ಲ. ಬ್ರೌಸರ್ ಎರಡನೆಯ ಪುಟ ಕೇಳಿದಾಗ, ಮೊದಲ ಪುಟ ಕೇಳಿದವರೂ ಇವರೇ ಎಂಬುದು ಸರ್ವರಿಗೆ ತಾನಾಗಿ ಗೊತ್ತಾಗುವುದಿಲ್ಲ. ಈ ಮರೆವಿಗೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ, ತಾಣವೊಂದು ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಚೀಟಿಯಂಥ ಕುಕಿಯನ್ನು ರೂಪಿಸಿದರು. ಅಂಗಡಿಯ ಬುಟ್ಟಿಯಲ್ಲಿ ಏನೇನಿದೆ ಎಂಬ ಅರ್ಧಂಬರ್ಧ ಲೆಕ್ಕವನ್ನು ಸರ್ವರ್ ಹೊರುವುದು ಬೇಡ, ಗ್ರಾಹಕನ ಕಂಪ್ಯೂಟರಿನಲ್ಲೇ ಇರಲಿ ಎಂಬುದು ಅಂದಿನ ಆಲೋಚನೆ. ನಾನೀಗ ಹೇಳಹೊರಟಿರುವುದು ಅದರ ತಿರುಗುಮುರುಗು: ಲೆಕ್ಕ ಸರ್ವರಿನಲ್ಲೇ ಇರಲಿ, ಕುಕಿ ಟೋಕನ್ ಮಾತ್ರ ಹೊರಲಿ.

ಹಂತ 1: ಸಾಗಿಸಬೇಕಾದ ಮಾಹಿತಿಯನ್ನು ವಿಂಗಡಿಸಿ

ಕೋಡ್ ಬರೆಯುವ ಮೊದಲು ಒಂದು ಕಾಗದ ತೆಗೆದುಕೊಂಡು, ಪುಟದಿಂದ ಪುಟಕ್ಕೆ ಹೋಗುವ ಪ್ರತಿಯೊಂದು ಮಾಹಿತಿಯನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ. ಇದನ್ನು ಬೇರೆಯವರು ನೋಡಿದರೆ ತೊಂದರೆಯೇ? ಇದನ್ನು ಬಳಕೆದಾರನೇ ತಿದ್ದಿದರೆ ತೊಂದರೆಯೇ?

ಮೊದಲ ಪ್ರಶ್ನೆ ಎಲ್ಲರಿಗೂ ಹೊಳೆಯುತ್ತದೆ. ಎರಡನೆಯದನ್ನು ಮರೆಯುವವರೇ ಹೆಚ್ಚು, ನಾನೂ ಮರೆತಿದ್ದೆ. ಕೋಣೆಯ ಬಾಡಿಗೆ ಗುಟ್ಟೇನಲ್ಲ, ಬಾಗಿಲಲ್ಲಿ ಬೋರ್ಡ್ ಬರೆದು ಹಾಕಿದ್ದಾರೆ. ಆದರೆ ಅದನ್ನು ತಿದ್ದುವ ಅಧಿಕಾರ ಅತಿಥಿಗೆ ಇಲ್ಲ. ರಿಯಾಯಿತಿಯ ಪ್ರಮಾಣ, ‘ಇವರು ಅಡ್ಮಿನ್’ ಎಂಬ ಗುರುತು, ಪಾವತಿ ಆಯಿತೇ ಇಲ್ಲವೇ ಎಂಬ ಸ್ಥಿತಿ ಇವೆಲ್ಲ ಇದೇ ಜಾತಿಯವು. ಇನ್ನು ಹುಡುಕಿದ ಪದ, ಪುಟದ ಸಂಖ್ಯೆ, ನೋಡುತ್ತಿರುವ ದಿನಾಂಕ ಇಂಥವಕ್ಕೆ ಎರಡೂ ಪ್ರಶ್ನೆಗೆ ‘ತೊಂದರೆ ಇಲ್ಲ’ ಎಂಬ ಉತ್ತರ ಬಂದರೆ, ಅವು ಧಾರಾಳವಾಗಿ ಯುಆರ್‌ಎಲ್‌ನಲ್ಲಿ (ಪುಟದ ವಿಳಾಸದಲ್ಲಿ) ಇರಲಿ. ಅಲ್ಲಿದ್ದರೇ ಒಳ್ಳೆಯದು, ಕೊಂಡಿಯನ್ನು ಹೆಂಡತಿಗೋ ಗೆಳೆಯನಿಗೋ ವಾಟ್ಸ್‌ಆ್ಯಪ್ ಮಾಡಬಹುದು.

ಹಂತ 2: ಯುಆರ್‌ಎಲ್ ಶುಚಿಗೊಳಿಸಿ

‘ನಮ್ಮದು ಎಚ್‌ಟಿಟಿಪಿಎಸ್, ಆದ್ದರಿಂದ ಯುಆರ್‌ಎಲ್‌ನಲ್ಲಿ ಏನು ಬೇಕಾದರೂ ಹಾಕಬಹುದು’ ಎನ್ನುವವರನ್ನು ನೋಡಿದ್ದೇನೆ. ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು, ಎರಡು ತುದಿಗಳನ್ನಲ್ಲ. ಪ್ರಶ್ನಾರ್ಥಕ ಚಿಹ್ನೆಯ ನಂತರ ನೀವು ಸೇರಿಸಿದ ಮೊಬೈಲ್ ಸಂಖ್ಯೆ ಬ್ರೌಸರಿನ ಇತಿಹಾಸದಲ್ಲಿ ಉಳಿಯುತ್ತದೆ, ಬಂದ ಕೋರಿಕೆಗಳನ್ನು ಸರ್ವರ್ ಬರೆದಿಡುವ ಲಾಗ್ ಕಡತದಲ್ಲಿ ಸಾಲುಸಾಲಾಗಿ ಕೂರುತ್ತದೆ. ಪುಟದಿಂದ ಬೇರೆ ತಾಣಕ್ಕೆ ಹೋದಾಗ, ಅದು ‘ಯಾವ ಪುಟದಿಂದ ಬಂದೆ’ ಎಂದು ಕೋರಿಕೆಯ ಜೊತೆ ಹೋಗುವ ರೆಫರರ್ ಹೆಡರಿನ ಮೂಲಕ ಅಲ್ಲಿಗೂ ತಲುಪಬಹುದು. (1996ರ ಎಚ್‌ಟಿಟಿಪಿ ದಾಖಲೆಯಲ್ಲಿ ಈ ಹೆಡರಿನ ಇಂಗ್ಲಿಷ್ ಕಾಗುಣಿತವೇ ತಪ್ಪಾಗಿ ಅಚ್ಚಾಯಿತು, ಇಂದಿಗೂ ಇಡೀ ಜಗತ್ತು ಆ ತಪ್ಪನ್ನೇ ನಿಷ್ಠೆಯಿಂದ ಬರೆಯುತ್ತಿದೆ.) 2020ರಿಂದ ಕ್ರೋಮ್, ಬೇರೆ ತಾಣಗಳಿಗೆ ಪೂರ್ತಿ ಯುಆರ್‌ಎಲ್ ಬದಲು ತಾಣದ ಹೆಸರನ್ನಷ್ಟೇ ಕಳುಹಿಸುತ್ತಿದೆ. ಆದರೆ ಲಾಗ್ ಕಡತದ ಗತಿ ಹಾಗೆಯೇ ಇದೆ.

ಆದ್ದರಿಂದ ಖಾಸಗಿ ಮಾಹಿತಿಯ ಫಾರ್ಮುಗಳಿಗೆಲ್ಲ ‘ಗೆಟ್’ ಬದಲು ‘ಪೋಸ್ಟ್’ ಬಳಸಿ. ಆಗ ಮಾಹಿತಿ ಯುಆರ್‌ಎಲ್ ಬಿಟ್ಟು ಕೋರಿಕೆಯ ಒಡಲಿನಲ್ಲಿ ಹೋಗುತ್ತದೆ. ಇದರಿಂದ ನೋಟ ತಪ್ಪಿತೇ ಹೊರತು ತಿದ್ದುವುದು ತಪ್ಪಲಿಲ್ಲ. ಎಪ್ಪತ್ತು ರೂಪಾಯಿಯ ನನ್ನ ಫಾರ್ಮೂ ‘ಪೋಸ್ಟ್’ ಆಗಿತ್ತು.

ಹಂತ 3: ಗಂಟು ಸರ್ವರಿಗೆ, ಟೋಕನ್ ಬ್ರೌಸರಿಗೆ

ದೇವಸ್ಥಾನದ ಹೊರಗಿನ ಚಪ್ಪಲಿ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಚಪ್ಪಲಿ ಒಳಗೆ ಗೂಡಿನಲ್ಲಿ ಉಳಿಯುತ್ತದೆ, ನಿಮ್ಮ ಕೈಗೆ ಬಿಲ್ಲೆ ಬರುತ್ತದೆ. ಬಿಲ್ಲೆಯನ್ನು ಎಷ್ಟು ಉಜ್ಜಿದರೂ ಹವಾಯಿ ಚಪ್ಪಲಿ ಹೋಗಿ ಹೊಸ ಶೂ ಆಗುವುದಿಲ್ಲ. ವೆಬ್ಬಿನಲ್ಲಿ ಇದರ ಹೆಸರು ಸೆಷನ್. ಅತಿಥಿಯ ವಿವರ, ಆರಿಸಿದ ಕೋಣೆ ಎಲ್ಲವೂ ಸರ್ವರಿನಲ್ಲಿ ಒಂದು ಗೂಡಿನಲ್ಲಿ ಇರುತ್ತವೆ. ಬ್ರೌಸರಿನ ಕುಕಿಯಲ್ಲಿ ಆ ಗೂಡಿನ ಗುರುತು ಮಾತ್ರ.

ಒಂದು ವ್ಯತ್ಯಾಸವಿದೆ. ಸ್ಟ್ಯಾಂಡಿನ ಬಿಲ್ಲೆಗಳು 41, 42, 43 ಎಂದು ಸಾಲಾಗಿ ಇರುತ್ತವೆ, ಅಲ್ಲಿ ಕೂತವರ ಕಣ್ಣೇ ಕಾವಲು. ಸರ್ವರಿಗೆ ಮುಖ ಕಾಣುವುದಿಲ್ಲ. ಆದ್ದರಿಂದ ಟೋಕನ್ ಯಾರೂ ಊಹಿಸಲಾಗದಂತೆ ಇರಬೇಕು. ಗೂಢಲಿಪಿ ಮಟ್ಟದ ಯಾದೃಚ್ಛಿಕ ಮೂಲದಿಂದ ತೆಗೆದ 128 ಬಿಟ್‌ಗಳಾದರೆ ನಿಶ್ಚಿಂತೆ. ಇದನ್ನು ನೀವೇ ಹೆಣೆಯಲು ಹೋಗಬೇಡಿ. ಗಂಟೆ-ನಿಮಿಷಕ್ಕೆ ಬಳಕೆದಾರನ ಸಂಖ್ಯೆ ಅಂಟಿಸಿ ಮಾಡಿದ ಮನೆಮದ್ದಿನ ಟೋಕನ್ ಸಾಲದು. ಪಿಎಚ್‌ಪಿ ಭಾಷೆ, ಜಾಂಗೊ, ಲಾರಾವೆಲ್‌ನಂಥ ಚೌಕಟ್ಟುಗಳು (ಫ್ರೇಮ್‌ವರ್ಕ್) ಎಲ್ಲದರಲ್ಲೂ ಸೆಷನ್ ವ್ಯವಸ್ಥೆ ಸಿದ್ಧವಾಗಿದೆ.

ನಿಮ್ಮ ಚೌಕಟ್ಟು ಗಂಟನ್ನು ನಿಜವಾಗಿ ಎಲ್ಲಿಡುತ್ತದೆ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಫ್ಲಾಸ್ಕ್ ತನ್ನ ಮೂಲ ರೂಪದಲ್ಲಿ ಸೆಷನ್ನಿನ ಮಾಹಿತಿಯನ್ನೆಲ್ಲ ಸಹಿ ಹಾಕಿ ಕುಕಿಯಲ್ಲೇ ಇಟ್ಟುಬಿಡುತ್ತದೆ. ತಿದ್ದಲಾಗದು, ಓದಬಹುದು. ‘ಸೆಷನ್ನಿನಲ್ಲಿ ಇಟ್ಟಿದ್ದೇನೆ’ ಎಂಬ ಧೈರ್ಯದಲ್ಲಿ ಅಲ್ಲಿ ಆಧಾರ್ ಸಂಖ್ಯೆ ಇಟ್ಟರೆ, ಅದು ಬಳಕೆದಾರನ ಕಂಪ್ಯೂಟರಿನಲ್ಲಿ ಬಟಾಬಯಲಾಗಿ ಇರುತ್ತದೆ. ರೈಲ್ಸ್ ಕೂಡ ಕುಕಿಯಲ್ಲೇ ಇಡುತ್ತದೆ, ಆದರೆ ಗೂಢಲಿಪಿಯಲ್ಲಿ.

ಬಳಕೆದಾರ ಲಾಗಿನ್ ಆದ ಕ್ಷಣ ಹಳೆಯ ಟೋಕನ್ ರದ್ದು ಮಾಡಿ ಹೊಸದು ಕೊಡಿ. ಇಲ್ಲವಾದರೆ ತನಗೆ ಗೊತ್ತಿರುವ ಟೋಕನ್ನನ್ನು ಬೇರೆಯವರ ಬ್ರೌಸರಿಗೆ ಮೊದಲೇ ಅಂಟಿಸಿ, ಅವರು ಲಾಗಿನ್ ಆಗುವುದನ್ನೇ ಕಾಯುವವರಿದ್ದಾರೆ.

ಹಂತ 4: ಕುಕಿಗೆ ಮೂರು ಚಿಲಕ

2010ರಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ‘ಫೈರ್‌ಶೀಪ್’ ಎಂಬ ಫೈರ್‌ಫಾಕ್ಸ್ ವಿಸ್ತರಣೆ ಬಿಡುಗಡೆ ಮಾಡಿದರು. ಕಾಫಿ ಅಂಗಡಿಯ ತೆರೆದ ವೈಫೈನಲ್ಲಿ ಅದನ್ನು ಚಾಲೂ ಮಾಡಿದರೆ, ಅಕ್ಕಪಕ್ಕದವರ ಸೆಷನ್ ಕುಕಿಗಳು ಬಂದು ಬೀಳುತ್ತಿದ್ದವು. ಒಂದು ಕ್ಲಿಕ್ಕಿನಲ್ಲಿ ಅವರ ಖಾತೆಯೊಳಗೆ ಹೊಕ್ಕಬಹುದಿತ್ತು. ಪಾಸ್‌ವರ್ಡ್ ಬೇಕಾಗಿರಲಿಲ್ಲ. ಲಾಗಿನ್ ಪುಟಕ್ಕಷ್ಟೇ ಎಚ್‌ಟಿಟಿಪಿಎಸ್ ಹಾಕಿ ಉಳಿದ ಪುಟಗಳನ್ನು ಬಯಲಿಗೆ ಬಿಟ್ಟಿದ್ದ ದೊಡ್ಡ ತಾಣಗಳಿಗೆಲ್ಲ ಬಿಸಿ ಮುಟ್ಟಿತು.

ಮೊದಲ ಚಿಲಕ ‘ಸೆಕ್ಯೂರ್’: ಕುಕಿ ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಹೋಗುತ್ತದೆ. ಎರಡನೆಯದು ‘ಎಚ್‌ಟಿಟಿಪಿ ಓನ್ಲಿ’: ಪುಟದೊಳಗೆ ನುಸುಳಿದ ಜಾವಾಸ್ಕ್ರಿಪ್ಟ್ ಅದನ್ನು ಓದಲಾಗುವುದಿಲ್ಲ. ಮೂರನೆಯದು ‘ಸೇಮ್‌ಸೈಟ್’: ಬೇರೆ ತಾಣದಿಂದ ಹೊರಟ ಕೋರಿಕೆಯ ಜೊತೆ ಕುಕಿ ಸುಮ್ಮನೆ ಹೊರಡುವುದಿಲ್ಲ. ಇದಕ್ಕೆ, ಕೊಂಡಿ ಒತ್ತಿ ಬಂದ ‘ಗೆಟ್’ ಕೋರಿಕೆಗೆ ಕುಕಿ ಬಿಟ್ಟು ಹೊರಗಿನ ‘ಪೋಸ್ಟ್’ಗೆ ತಡೆಯುವ ‘ಲ್ಯಾಕ್ಸ್’ ಎಂಬ ಮೌಲ್ಯ ಸಾಮಾನ್ಯವಾಗಿ ಸರಿ.

ಸಾಮಾನ್ಯವಾಗಿ ಎಂದೆ, ಏಕೆಂದರೆ ಪಾವತಿಯ ಗೇಟ್‌ವೇ (ಹಣ ಸ್ವೀಕರಿಸಿಕೊಡುವ ಹೊರಗಿನ ಸೇವೆ) ಬಂದಾಗ ಇದೇ ಲ್ಯಾಕ್ಸ್ ನನ್ನನ್ನು ಎರಡು ದಿನ ಅಲೆದಾಡಿಸಿತು. ಹಣ ಕಟ್ಟಿದ ಮೇಲೆ ಗೇಟ್‌ವೇ ಅತಿಥಿಯನ್ನು ನಮ್ಮ ತಾಣಕ್ಕೆ ‘ಪೋಸ್ಟ್’ ಮೂಲಕ ಹಿಂತಿರುಗಿಸುತ್ತಿತ್ತು. ಹೊರಗಿನ ತಾಣದಿಂದ ಬಂದ ಪೋಸ್ಟ್ ಆದ್ದರಿಂದ ಕುಕಿ ಜೊತೆಗೆ ಬರಲಿಲ್ಲ. ಹಣ ಹೋಗಿದೆ, ಪುಟ ‘ದಯವಿಟ್ಟು ಲಾಗಿನ್ ಆಗಿ’ ಎನ್ನುತ್ತಿದೆ. ಅತಿಥಿಯ ಎದೆ ಒಡೆಯಲು ಇಷ್ಟು ಸಾಕು. ಗಾಬರಿಯಲ್ಲಿ ಅನೇಕರು ಸೇಮ್‌ಸೈಟ್ ಚಿಲಕವನ್ನೇ ತೆಗೆದುಹಾಕುತ್ತಾರೆ. ಬೇಡ. ಗೇಟ್‌ವೇ ಬಂದಿಳಿಯುವ ಪುಟದಲ್ಲಿ ಸೆಷನ್ನನ್ನು ನೆಚ್ಚದೆ, ಅದು ಕಳುಹಿಸಿದ ಸಹಿಯನ್ನು ಸರ್ವರಿನಲ್ಲೇ ಪರಿಶೀಲಿಸಿ, ಆರ್ಡರ್ ಸಂಖ್ಯೆ ಮತ್ತು ಮೊತ್ತವನ್ನು ನಿಮ್ಮ ಡೇಟಾಬೇಸಿನೊಂದಿಗೆ ತಾಳೆ ನೋಡಿ. ಆಮೇಲೆ ‘ಈ ಪುಟಕ್ಕೆ ಹೋಗು’ ಎಂದು ಬ್ರೌಸರಿಗೆ ಹೇಳುವ 303 ಸಂಕೇತದೊಡನೆ ರಸೀದಿಯ ಪುಟಕ್ಕೆ ಕಳುಹಿಸಿ. ಆ ಎರಡನೆಯ ಕೋರಿಕೆ ‘ಗೆಟ್’ ಆಗಿರುವುದರಿಂದ ಕುಕಿ ತಾನಾಗಿ ಜೊತೆಯಾಗುತ್ತದೆ. ಅತಿಥಿ ಪುಟವನ್ನು ರಿಫ್ರೆಶ್ ಮಾಡಿದರೆ ಅದೇ ಫಾರ್ಮ್ ಮತ್ತೆ ಸಲ್ಲಿಕೆಯಾಗುವ ಭಯವೂ ತಪ್ಪುತ್ತದೆ.

ಮಾಹಿತಿ ಬದಲಿಸುವ ಪ್ರತಿ ಫಾರ್ಮಿಗೂ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ತಾಣದಿಂದಲೇ ಬಂದಿದೆ ಎಂದು ತೋರಿಸುವ ಗುಟ್ಟಿನ ಗುರುತು) ಇರಲಿ. ಚೌಕಟ್ಟುಗಳಲ್ಲಿ ಇದು ಬಹುಮಟ್ಟಿಗೆ ಸಿದ್ಧವಾಗಿಯೇ ಬರುತ್ತದೆ, ಕಿರಿಕಿರಿ ಎಂದು ಅದನ್ನು ಬಂದ್ ಮಾಡದಿದ್ದರಾಯಿತು.

ಹಂತ 5: ‘ಇದು ಇವರದೇ?’ ಎಂದು ಪ್ರತಿ ಪುಟದಲ್ಲೂ ಕೇಳಿ

ನನ್ನ ಲೆಕ್ಕದಲ್ಲಿ ಅತಿ ಮುಖ್ಯವಾದ ಹಂತ ಇದು. ಅತಿ ಹೆಚ್ಚು ಜನ ಬಿಡುವುದೂ ಇದನ್ನೇ.

2011ರಲ್ಲಿ ಅಮೆರಿಕದ ಸಿಟಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ತಾಣಕ್ಕೆ ಕನ್ನ ಬಿತ್ತು. ಸುಮಾರು 3.6 ಲಕ್ಷ ಖಾತೆಗಳ ವಿವರ ಹೊರಹೋಯಿತು. ಕಳ್ಳರು ಒಬ್ಬ ಗ್ರಾಹಕನಾಗಿ ಒಳಹೊಕ್ಕು, ಯುಆರ್‌ಎಲ್‌ನಲ್ಲಿದ್ದ ಖಾತೆ ಸಂಖ್ಯೆಯ ಜಾಗದಲ್ಲಿ ಬೇರೆ ಬೇರೆ ಸಂಖ್ಯೆ ತುಂಬಿ ನೋಡಿದ್ದರು ಎಂದು ಆಗ ಪತ್ರಿಕೆಗಳು ವರದಿ ಮಾಡಿದವು. 2019ರಲ್ಲಿ ಅದೇ ದೇಶದ ಫಸ್ಟ್ ಅಮೆರಿಕನ್ ಎಂಬ, ಆಸ್ತಿಯ ಹಕ್ಕುಪತ್ರಕ್ಕೆ ವಿಮೆ ಕೊಡುವ ಕಂಪನಿಯ ತಾಣದಲ್ಲಿ ಸುಮಾರು 88.5 ಕೋಟಿ ದಾಖಲೆಗಳು ಬಯಲಿಗೆ ಬಿದ್ದಿದ್ದವು. ಕೊಂಡಿಯಲ್ಲಿದ್ದ ದಾಖಲೆ ಸಂಖ್ಯೆಯ ಒಂದು ಅಂಕಿ ಬದಲಿಸಿದರೆ ಇನ್ನೊಬ್ಬರ ಸಾಲಪತ್ರ ತೆರೆಯುತ್ತಿತ್ತು, ಲಾಗಿನ್ ಕೂಡ ಬೇಡ. ಜಾಲ ಸುರಕ್ಷೆಯ ಓವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಅಪಾಯಗಳ ಪಟ್ಟಿಯಲ್ಲಿ, ಈ ಬಗೆಯ ಪ್ರವೇಶ ನಿಯಂತ್ರಣದ ಲೋಪಕ್ಕೇ ಮೊದಲ ಸ್ಥಾನ.

ನಮ್ಮ ಹೋಂಸ್ಟೇ ತಾಣದಲ್ಲೂ ರಸೀದಿಯ ಯುಆರ್‌ಎಲ್ 1042, 1043 ಎಂದು ಮುಗಿಯುತ್ತಿತ್ತು. ಡೇಟಾಬೇಸನ್ನು ‘1042ನೆಯ ರಸೀದಿ ಕೊಡು’ ಎಂದು ಕೇಳುತ್ತಿದ್ದೆ. ಈಗ ಕೇಳುವುದು ಹೀಗೆ: ‘1042ನೆಯ ರಸೀದಿ, ಅದು ಈ ಸೆಷನ್ನಿನ ಬಳಕೆದಾರನದ್ದಾಗಿದ್ದರೆ ಮಾತ್ರ ಕೊಡು’. ಬಳಕೆದಾರ ಯಾರೆಂಬುದು ಸೆಷನ್ನಿನಿಂದ ಬರಬೇಕು, ಫಾರ್ಮಿನಿಂದಲ್ಲ. ಸಾಲು ಸಂಖ್ಯೆಯ ಬದಲು ಯುಯುಐಡಿ ಎಂಬ, ಸಾಲಾಗಿ ಬರದ ಉದ್ದನೆಯ ಗುರುತು ಹಾಕಿದರೆ ಊಹಿಸುವುದು ಕಷ್ಟವಾಗುತ್ತದೆ, ನಿಜ. ಆದರೆ ಅದು ಬೀಗವಲ್ಲ, ಮನೆ ನಂಬರ್ ಅಳಿಸಿದ ಹಾಗೆ.

ಹಂತ 6: ಕೊಡಲೇಬೇಕಾದಾಗ ಸಹಿ ಹಾಕಿ ಕೊಡಿ

ಕೆಲವೊಮ್ಮೆ ಸೆಷನ್ ಸಾಲದು. ‘ಬುಕಿಂಗ್ ಖಚಿತಪಡಿಸಲು ಇಲ್ಲಿ ಒತ್ತಿ’ ಎಂಬ ಇಮೇಲ್ ಕೊಂಡಿಯನ್ನು ಅತಿಥಿ ಬೇರೆ ಮೊಬೈಲಿನಲ್ಲಿ ತೆರೆಯಬಹುದು. ಆಗ ಮಾಹಿತಿ ಕೊಂಡಿಯೊಳಗೇ ಹೋಗಬೇಕು. ಇದಕ್ಕೆ 1997ರಲ್ಲಿ ದಾಖಲೆಯಾಗಿ ಪ್ರಕಟವಾದ ಎಚ್‌ಮ್ಯಾಕ್ ವಿಧಾನವಿದೆ: ಬುಕಿಂಗ್ ಸಂಖ್ಯೆ, ಉದ್ದೇಶ, ಗಡುವು ಮೂರನ್ನೂ ಜೋಡಿಸಿ, ಸರ್ವರಿಗೆ ಮಾತ್ರ ಗೊತ್ತಿರುವ ಕೀಲಿಯಿಂದ ಸಹಿ ತೆಗೆದು ಕೊಂಡಿಗೆ ಅಂಟಿಸಿ. ಮರಳಿ ಬಂದಾಗ ಮತ್ತೆ ಲೆಕ್ಕ ಹಾಕಿ ಹೋಲಿಸಿ. ಒಂದಕ್ಷರ ತಿದ್ದಿದ್ದರೂ ಸಹಿ ಹೊಂದುವುದಿಲ್ಲ. ಕೀಲಿಯನ್ನು ಕೋಡಿನ ಜೊತೆ ಗಿಟ್‌ಹಬ್ಬಿಗೆ ಏರಿಸದಿರುವಷ್ಟು ಎಚ್ಚರ ಇರಲಿ.

ಸಹಿ ಬೇರೆ, ಗೂಢಲಿಪಿ ಬೇರೆ. ಲಾಗಿನ್ ಗುರುತಿಗೆ ಅನೇಕರು ಬಳಸುವ, ಸಹಿ ಹಾಕಿದ ಜೆಡಬ್ಲ್ಯೂಟಿ ಟೋಕನ್ ನೋಡಲು ಗಜಿಬಿಜಿ ಅಕ್ಷರಗಳ ಸರಮಾಲೆ. ಆದರೆ ಅದರ ಸಾಮಾನ್ಯ ರೂಪದಲ್ಲಿ ಒಳಗಿರುವುದು ಬೇಸ್64, ಅಂದರೆ ಬೇರೆ ಅಕ್ಷರಗಳಲ್ಲಿ ಬರೆದ ಅದೇ ಮಾಹಿತಿ ಮಾತ್ರ, ಯಾರು ಬೇಕಾದರೂ ಬಿಡಿಸಿ ಓದಬಹುದು. ಬ್ರೌಸರಿನೊಳಗೆ ತಾಣಗಳು ಮಾಹಿತಿ ಇಡುವ ಲೋಕಲ್ ಸ್ಟೋರೇಜ್ ವಿಷಯವೂ ಒಂದೇ ಮಾತು: ಪುಟದಲ್ಲಿ ಓಡುವ ಪ್ರತಿ ಸ್ಕ್ರಿಪ್ಟೂ ಅದನ್ನು ಓದಬಲ್ಲದು. ಬಣ್ಣದ ಥೀಮ್, ಭಾಷೆಯ ಆಯ್ಕೆ ಇಡಲು ಚೆನ್ನ, ಗುರುತಿನ ಸಂಖ್ಯೆಗಲ್ಲ.

ಹಂತ 7: ಗೂಡು ಖಾಲಿ ಮಾಡಿ

ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಲಾಗೌಟ್ ಎಂದರೆ ಕುಕಿ ಅಳಿಸುವುದಷ್ಟೇ ಅಲ್ಲ, ಸರ್ವರಿನಲ್ಲಿ ಆ ಸೆಷನ್ ಇಲ್ಲವಾಗಬೇಕು. ಖಾಸಗಿ ವಿವರದ ಪುಟಗಳಿಗೆ, ಪುಟವನ್ನು ಉಳಿಸಿಟ್ಟುಕೊಳ್ಳಬೇಡ ಎಂದು ಬ್ರೌಸರಿಗೆ ಹೇಳುವ ‘ನೋ-ಸ್ಟೋರ್’ ಹೆಡರ್ ಕೊಡಿ. ಇಲ್ಲವಾದರೆ ಬ್ಯಾಕ್ ಗುಂಡಿ ಒತ್ತಿದಾಗ ಹಿಂದಿನವರ ಗುರುತಿನ ಸಂಖ್ಯೆ ಮತ್ತೆ ಕಾಣಿಸಬಹುದು.

ಹಂತ 8: ನೀವೇ ಕಳ್ಳರಾಗಿ

ಎರಡು ಬ್ರೌಸರುಗಳಲ್ಲಿ ಎರಡು ಖಾತೆ ತೆರೆಯಿರಿ. ಒಬ್ಬರ ರಸೀದಿಯ ಯುಆರ್‌ಎಲ್ ಇನ್ನೊಬ್ಬರಲ್ಲಿ ಅಂಟಿಸಿ. ಇನ್‌ಸ್ಪೆಕ್ಟ್ ತೆರೆದು, ಫಾರ್ಮಿನಲ್ಲಿ ಸಿಕ್ಕಿದ್ದನ್ನೆಲ್ಲ ತಿದ್ದಿ ಕಳುಹಿಸಿ. ಎರಡನೆಯ ಪುಟ ತುಂಬದೆ ನೇರವಾಗಿ ಮೂರನೆಯದರ ಯುಆರ್‌ಎಲ್ ಹೊಡೆಯಿರಿ.

ಹೊಸ ತಾಣದ ಮೂರನೆಯ ಪುಟದಲ್ಲಿ ಮೊತ್ತದ ಫೀಲ್ಡೇ ಇರಲಿಲ್ಲ. ಸರ್ವರ್ ತನ್ನ ಗೂಡಿನಲ್ಲಿದ್ದ ಕೋಣೆ ಮತ್ತು ದಿನಾಂಕಗಳಿಂದ ಬಾಡಿಗೆಯನ್ನು ತಾನೇ ಲೆಕ್ಕ ಹಾಕುತ್ತಿತ್ತು. ಬಹಳ ಹೆಮ್ಮೆಯಿಂದ ಆ ಎಂಜಿನಿಯರಿಂಗ್ ಹುಡುಗನಿಗೇ ಪರೀಕ್ಷೆಗೆ ಕೊಟ್ಟೆ. ಅವನು ಟೋಕನ್ ಮುಟ್ಟಲಿಲ್ಲ, ಕುಕಿ ಮುಟ್ಟಲಿಲ್ಲ. ಮೊದಲ ಪುಟದಲ್ಲಿ, ಬರುವ ದಿನಕ್ಕಿಂತ ಹಿಂದಿನ ದಿನವನ್ನು ಹೊರಡುವ ದಿನವಾಗಿ ಕೊಟ್ಟ. ಸರ್ವರ್ ನಿಷ್ಠೆಯಿಂದ ಮೈನಸ್ ಒಂದು ರಾತ್ರಿಗೆ ಮೈನಸ್ 3,500 ರೂಪಾಯಿ ಎಂದು ತೋರಿಸಿತು.