ಹಳೆ ಕಾರಿನ ಕ್ರೂಸ್ ಕಂಟ್ರೋಲ್ ಕೈಕೊಟ್ಟರೆ ಮೊದಲು ಬ್ರೇಕ್ ಲೈಟ್ ನೋಡಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅದರ ಜೊತೆಗೆ ಕ್ಯಾಮೆರಾ ಬೇರೆ. ಇಂಥ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ತುಳಿಯದೆಯೇ ಕಾರನ್ನು ಸೆಟ್ ಮಾಡಿದ ವೇಗದಲ್ಲಿ ಓಡಿಸುವ ವ್ಯವಸ್ಥೆ, ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಕಾರಿಗೆ ಹತ್ತು ಹದಿನೈದು ವರ್ಷ ದಾಟಿದರೆ, ಕೆಲವೊಮ್ಮೆ ಬಟನ್ ಒತ್ತಿದಾಗ ಮೀಟರ್‌ನಲ್ಲಿ ದೀಪವೇನೋ ಬರುತ್ತದೆ, ಸ್ಪೀಡ್ ಮಾತ್ರ ಸೆಟ್ ಆಗುವುದಿಲ್ಲ. ಯಾರಾದರೂ ‘ಮಾಡ್ಯೂಲ್ (ಕ್ರೂಸ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ, ಬದಲಾಯಿಸಬೇಕು’ ಅಂದರೆ ತಕ್ಷಣ ಒಪ್ಪಬೇಡಿ. ಬ್ರೇಕ್ ಅಥವಾ ಕ್ಲಚ್ ಕಡೆಯಿಂದ ಬರುವ ಸಿಗ್ನಲ್ ಸರಿಯಿಲ್ಲದಿದ್ದರೆ ಕ್ರೂಸ್ ತಾನಾಗಿಯೇ ಸುಮ್ಮನಾಗುತ್ತದೆ. ಅದನ್ನು ಮಾಡಿರುವುದೇ ಹಾಗೆ. ಸಾಮಾನ್ಯವಾಗಿ ಬ್ರೇಕ್ ಲೈಟ್ ಉರಿಸುವ ಸ್ವಿಚ್ಚೇ ಕ್ರೂಸ್‌ಗೂ ಸಿಗ್ನಲ್ ಕೊಡುವುದರಿಂದ ಮೊದಲು ಲೈಟ್ ನೋಡಬೇಕು.

ಸಂಜೆ ಕತ್ತಲಲ್ಲಿ ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಬ್ರೇಕ್ ತುಳಿಯಿರಿ. ಗೋಡೆಯ ಮೇಲೆ ಕೆಂಪು ಬೆಳಕು ಎರಡೂ ಕಡೆ ಬರಬೇಕು. ಕಾಲು ತೆಗೆದ ಕೂಡಲೇ ಆರಬೇಕು. ಕೆಲವು ಹಳೆ ಮಾದರಿಗಳಲ್ಲಿ ಬಲ್ಬ್ ಹೋದರೂ ಕ್ರೂಸ್ ನಿಲ್ಲುತ್ತದೆ. ಕಾಲು ತೆಗೆದ ಮೇಲೂ ಲೈಟ್ ಉರಿಯುತ್ತಲೇ ಇದ್ದರೆ ಟಾರ್ಚ್ ಹಿಡಿದು ಪೆಡಲ್‌ನ ಮೇಲ್ಭಾಗ ನೋಡಿ. ಅಲ್ಲಿ ಸ್ವಿಚ್‌ನ ಚಿಕ್ಕ ಕಡ್ಡಿಯನ್ನು ಒತ್ತಿಹಿಡಿಯಲು ಪೆಡಲ್‌ಗೆ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ಗುಂಡಿ ಹಾಕಿರುತ್ತಾರೆ. ವರ್ಷಗಳ ಬಿಸಿಗೆ ಅದು ಪುಡಿಯಾಗಿ ಉದುರುತ್ತದೆ. ಮ್ಯಾಟ್ ಮೇಲೆ ಅದರ ಚೂರು ಬಿದ್ದಿದ್ದರೆ ರೋಗ ಸಿಕ್ಕಿತು ಅಂತಲೇ ಲೆಕ್ಕ. ಹೊಸ ಗುಂಡಿಗೆ ಖರ್ಚು ತೀರಾ ಕಡಿಮೆ. ಹಾಗೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ನೀವು ಬ್ರೇಕ್ ಹಾಕಿದ್ದು ಹಿಂದಿನವರಿಗೆ ಗೊತ್ತೂ ಆಗುವುದಿಲ್ಲ. ಕ್ರೂಸ್‌ಗಿಂತ ಇದೇ ದೊಡ್ಡ ಚಿಂತೆ, ಅಲ್ವಾ?

ಲೈಟ್ ಸರಿಯಿದ್ದ ಮಾತ್ರಕ್ಕೆ ಸ್ವಿಚ್ ಪೂರ್ತಿ ಸರಿಯಿದೆ ಅಂತಲ್ಲ. ಎಷ್ಟೋ ಕಾರುಗಳಲ್ಲಿ ಒಂದೇ ಸ್ವಿಚ್ ಒಳಗೆ ಲೈಟಿಗೊಂದು, ಕ್ರೂಸ್‌ಗೊಂದು ಅಂತ ಎರಡು ಸಂಪರ್ಕ ಇರುತ್ತವೆ. ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಎರಡನ್ನೂ ಮಲ್ಟಿಮೀಟರ್ ಇಟ್ಟು ಚೆಕ್ ಮಾಡಿಸಿ. ಗೇರ್ ಕಾರಾದರೆ ಕ್ಲಚ್ ಸ್ವಿಚ್ಚನ್ನೂ ನೋಡಿಸಿ.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನದ್ದು ಹಾಕಿ, ಜಾಸ್ತಿಯದ್ದು ಬೇಡ. ಮಂಡ್ಯ ಕಡೆ ಕಬ್ಬಿನ ಗದ್ದೆ ಪಕ್ಕ ಗಾಡಿ ನಿಲ್ಲಿಸುವವರು ಬಾನೆಟ್ ಎತ್ತಿ ಇಲಿ ವೈರ್ ಕಡಿದಿದೆಯೇ ನೋಡಲೇಬೇಕು. ತೀರಾ ಹಳೆ ಗಾಡಿಗಳಲ್ಲಿ ಕ್ರೂಸ್‌ಗೆ ಗಾಳಿಯ ಸೆಳೆತ ಕೊಡುವ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಎಂಜಿನ್ ವೇಗ ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಕೇಬಲ್ ಸಡಿಲವಾಗಿರಬಹುದು. ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ಸ್ಪೀಡ್ ಸೆನ್ಸರ್ ಮೇಲೆ ಅನುಮಾನ ಪಡಿ. ಚೆಕ್ ಎಂಜಿನ್ ಲೈಟ್ ಉರಿಯುತ್ತಿದ್ದರೆ ಮೊದಲು ದೋಷ ಏನೆಂದು ಓದುವ ಸ್ಕ್ಯಾನರ್ ಹಾಕಿಸಿ. ಆ ದೋಷ ಸರಿಹೋಗುವವರೆಗೂ ಎಷ್ಟೋ ಕಾರುಗಳಲ್ಲಿ ಕ್ರೂಸ್ ಹಿಡಿಯುವುದಿಲ್ಲ.

ಕ್ರೂಸ್ ಬಟನ್ ಜೊತೆಗೆ ಹಾರ್ನ್ ಕೂಡ ಕೈಕೊಟ್ಟಿದೆಯೇ? ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ತಿರುಗಿದರೂ ಅದರ ಬಟನ್‌ಗಳಿಗೆ ಸಂಪರ್ಕ ಉಳಿಸುವ ವೈರ್ ಸುರುಳಿ) ಹೋಗಿರುವ ಸಾಧ್ಯತೆ ಹೆಚ್ಚು. ಅಲ್ಲೇ ಏರ್‌ಬ್ಯಾಗ್ ಇರುವುದರಿಂದ ಮನೆಯಲ್ಲಿ ಸ್ಟೀರಿಂಗ್ ಬಿಚ್ಚಲು ಹೋಗಬೇಡಿ. ಬ್ರೇಕ್ ಸ್ವಿಚ್ಚಿನ ವೈರ್ ನೇರವಾಗಿ ಜೋಡಿಸಿ ಕ್ರೂಸ್ ಓಡಿಸಿಕೊಡುತ್ತೇನೆ ಅನ್ನುವವರ ಕೈಗೂ ಗಾಡಿ ಕೊಡಬೇಡಿ.

ರಿಪೇರಿ ಆದ ಮೇಲೆ ಮುಂದೆ ಹಿಂದೆ ಗಾಡಿ ಇಲ್ಲದ ನೇರ ರಸ್ತೆಯಲ್ಲಿ ಸ್ಪೀಡ್ ಸೆಟ್ ಮಾಡಿ, ಬ್ರೇಕನ್ನು ಮೆತ್ತಗೆ ಮುಟ್ಟಿ. ಕ್ರೂಸ್ ತಕ್ಷಣ ಬಿಡಬೇಕು. ಮತ್ತೆ ಸೆಟ್ ಮಾಡಿ ಕ್ಲಚ್ ಒತ್ತಿ, ಆಗಲೂ ಬಿಡಬೇಕು. ಬಿಡದಿದ್ದರೆ ಮೇನ್ ಬಟನ್ ಆಫ್ ಮಾಡಿ, ಸರಿಯಾಗುವವರೆಗೂ ಅದನ್ನು ಮುಟ್ಟಬೇಡಿ.